ಬಿತ್ತನೆಗೆ ಮುಂಚೆಯೇ ಅನೋವಾ: ನನ್ನ ಅನುಭವ

"ಬೀಜಾನೇ ಬಿದ್ದಿಲ್ಲ, ಲೆಕ್ಕ ಏನ್ ಮಾಡ್ತೀರಿ ಮೇಡಂ?" ಎಂದು ಸಭೆಯಲ್ಲೇ ಕೇಳಿದ್ದ ಬೇಸಾಯಶಾಸ್ತ್ರದ ಹಿರಿಯ ಪ್ರಾಧ್ಯಾಪಕರು ಈ ವರ್ಷ ತಮ್ಮ ವಿದ್ಯಾರ್ಥಿಗಳನ್ನೆಲ್ಲ ಮೇ ತಿಂಗಳಲ್ಲೇ ನನ್ನ ಬಳಿ ಕಳಿಸಿದರು. ಬಿತ್ತುವ ಮೊದಲೇ ಊಹೆಯ ಇಳುವರಿ ಇಟ್ಟು ಅನೋವಾ (ಸರಾಸರಿಗಳ ನಡುವಿನ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ತೂಗುವ ಲೆಕ್ಕ) ಮಾಡಿಸುವ ನನ್ನ ವಿಧಾನ ಫಲ ಕೊಟ್ಟಿದೆ ಎಂದು ಈಗ ಧೈರ್ಯವಾಗಿ ಬರೆಯಬಹುದು.

ಕೃಷಿ, ಅರಣ್ಯ ಎರಡೂ ಇರುವ ನಮ್ಮ ಕ್ಯಾಂಪಸ್ಸಿನಲ್ಲಿ ಸಂಖ್ಯಾಶಾಸ್ತ್ರಕ್ಕೆ ಇರುವವರು ಇಬ್ಬರೇ. ಥೀಸಿಸ್ ಸಲ್ಲಿಸುವ ತಿಂಗಳು ಬಂತೆಂದರೆ ಪೆನ್‌ಡ್ರೈವ್ ಹಿಡಿದವರ ಸಾಲು. "ಸಿ.ಡಿ. ಬರ್ತಿಲ್ಲ ಮೇಡಂ, ಏನಾದ್ರೂ ಮಾಡಿ." (ಸಿ.ಡಿ. ಎಂದರೆ ಎರಡು ಸರಾಸರಿಗಳು ನಿಜಕ್ಕೂ ಬೇರೆ ಎನ್ನಲು ಬೇಕಾದ ಕನಿಷ್ಠ ಅಂತರ.) 1938ರಲ್ಲಿ ಕಲ್ಕತ್ತದಲ್ಲಿ ಅನೋವಾದ ಜನಕ ಫಿಷರ್ ಹೇಳಿದ್ದು ಇದನ್ನೇ: ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆದರೆ ಅವನು ಮಾಡುವುದು ಮರಣೋತ್ತರ ಪರೀಕ್ಷೆ. ಅಷ್ಟು ವರ್ಷಗಳ ನಂತರವೂ ನಮ್ಮ ಮೇಜಿಗೆ ಹೆಣಗಳೇ ಬರುತ್ತಿದ್ದವು.

ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಮೂರು ದಿನದ ತರಬೇತಿ, ಹೊರಗಿನ ಉಪನ್ಯಾಸಕರು, ಊಟ, ಬ್ಯಾಗು, ಪ್ರಮಾಣಪತ್ರ. ಅರವತ್ತು ಸಾವಿರದ ಹತ್ತಿರ ಖರ್ಚಾಯಿತು. ಬಂದವರು ಆ ಮೂರು ದಿನ ಬೇರೆ ಯಾರದೋ ಗೋಧಿಯ ದತ್ತಾಂಶ ಬಿಡಿಸಿದರು. ತಮ್ಮ ರಾಗಿ, ತಮ್ಮ ಸಾಗುವಾನಿ ಸಸಿ ಎದುರಾದಾಗ ಕೈ ಕಟ್ಟಿತು. ಆಮೇಲೆ ಹಣ ಕೊಟ್ಟು ತಂದ ಸಾಫ್ಟ್‌ವೇರ್‌ನ ಪರವಾನಗಿ ನವೀಕರಿಸಲು ಮರುವರ್ಷ ಅನುದಾನವೇ ಇಲ್ಲ. ಮಕ್ಕಳು ಹೊರಗಡೆ ಮೂರು ಸಾವಿರ, ಐದು ಸಾವಿರ ಕೊಟ್ಟು ಅನಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದರು. ವೈವಾದಲ್ಲಿ ಎರರ್ ಡಿ.ಎಫ್. (ಆಕಸ್ಮಿಕ ಏರುಪೇರನ್ನು ಅಂದಾಜಿಸಲು ಉಳಿಯುವ ಸ್ವತಂತ್ರ ಮಾಹಿತಿಯ ಎಣಿಕೆ) ಎಷ್ಟು ಎಂದರೆ ಮೌನ. ಶಿಷ್ಯವೇತನದಲ್ಲೇ ತಿಂಗಳು ದೂಡುವ ಮಕ್ಕಳ ದುಡ್ಡು ಅದು. ನನಗೆ ಸಹಿಸಲಾಗಲಿಲ್ಲ.

ಹಾಗಾಗಿ ತರಬೇತಿಯನ್ನೇ ಕೈಬಿಟ್ಟು, ಏಪ್ರಿಲ್–ಮೇನಲ್ಲಿ ಮುಂಗಾರಿಗೆ, ಸೆಪ್ಟೆಂಬರಿನಲ್ಲಿ ಹಿಂಗಾರಿಗೆ ವಾರಕ್ಕೊಂದು ಮಧ್ಯಾಹ್ನ ಮೇಜು ಹಾಕಿದೆ. ನಿಯಮ ಒಂದೇ. ವಿದ್ಯಾರ್ಥಿ ಪ್ಲಾಟಿನ ನಕ್ಷೆ ಬರೆದುಕೊಂಡು ಬರಬೇಕು, ಚೀಟಿ ಎತ್ತಿ ಟ್ರೀಟ್‌ಮೆಂಟ್ (ಹೋಲಿಸಬೇಕಾದ ತಳಿ, ಗೊಬ್ಬರ ಇತ್ಯಾದಿ) ಹಂಚಬೇಕು, ನಂತರ ಊಹೆಯ ಇಳುವರಿ ತುಂಬಿಸಿ ನನ್ನೆದುರೇ 'ಆರ್' ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಅನೋವಾ ಓಡಿಸಬೇಕು. ಆ ಕೋಷ್ಟಕ ಬಂದ ಕ್ಷಣದಲ್ಲೇ ಸತ್ಯ ಗೊತ್ತಾಗುತ್ತದೆ. ನಾಲ್ಕು ಟ್ರೀಟ್‌ಮೆಂಟ್, ಮೂರು ರೆಪ್ಲಿಕೇಷನ್ (ಪ್ರತಿ ಟ್ರೀಟ್‌ಮೆಂಟ್‌ಗೆ ಮೂರು ಪ್ಲಾಟು) ಎಂದು ಸಿನಾಪ್ಸಿಸ್ ಬರೆದವನಿಗೆ ಎರರ್ ಡಿ.ಎಫ್. ಆರೇ, ಅದು ತೀರ ಕಡಿಮೆ ಎಂದು ಬಾಯಿಮಾತಲ್ಲಿ ಹೇಳಿದರೆ ನಾಟುವುದಿಲ್ಲ, ಪರದೆಯ ಮೇಲೆ ಕಂಡರೆ ತಾನೇ ಐದು ರೆಪ್ಲಿಕೇಷನ್‌ಗೆ ಜಾಗ ಹುಡುಕುತ್ತಾನೆ.

ಅರಣ್ಯದವರ ಕಷ್ಟ ಬೇರೆ. ಒಬ್ಬ ಹುಡುಗಿ ನೆರಳಿನ ಪ್ರಯೋಗ ತಂದಳು: ಬಯಲು, 50 ಶೇಕಡಾ ನೆರಳು, 75 ಶೇಕಡಾ ನೆರಳು. ಒಂದೊಂದಕ್ಕೆ ಒಂದೇ ನೆಟ್ ಮನೆ, ಒಳಗೆ ಇನ್ನೂರು ಇನ್ನೂರು ಪಾಲಿಬ್ಯಾಗ್. "ಇನ್ನೂರು ರೆಪ್ಲಿಕೇಷನ್ ಇದೆ ಮೇಡಂ" ಎಂದಳು. ಇರುವುದು ಒಂದು, ಏಕೆಂದರೆ ನೆರಳು ಬಿದ್ದದ್ದು ಮನೆಯ ಮೇಲೆ, ಸಸಿಯ ಮೇಲಲ್ಲ. ಒಂದು ಮನೆ ತಗ್ಗಿನಲ್ಲಿದ್ದು ನೀರು ನಿಂತರೆ ಅದೂ ನೆರಳಿನ ಪರಿಣಾಮವೆಂದೇ ಲೆಕ್ಕಕ್ಕೆ ಬರುತ್ತದೆ. ನರ್ಸರಿಯ ಬಿದಿರಿನಲ್ಲಿ ಮೀಟರ್ ಉದ್ದಗಲದ 21 ಚೌಕಟ್ಟು ಕಟ್ಟಿಸಿ, ಏಳು ಬ್ಲಾಕ್ (ಒಂದೊಂದರಲ್ಲೂ ಮೂರೂ ಟ್ರೀಟ್‌ಮೆಂಟ್) ಮಾಡಿದೆವು, ಎರರ್ ಡಿ.ಎಫ್. ಹನ್ನೆರಡಾಯಿತು. ನೆಟ್ಟಿಗೆ ಮೂರು ಸಾವಿರದ ಆಸುಪಾಸು, ಕೂಲಿ ಎರಡು ದಿನದ್ದು. ಚೌಕಟ್ಟಿಗೆ ಹತ್ತು ಸಸಿಯಂತೆ 210 ಸಾಕಾದವು, ಆರುನೂರು ಬೇಕಾಗಲಿಲ್ಲ. ನೀರು, ಗೊಬ್ಬರ, ಅಳತೆಯ ಕೆಲಸ ಎಲ್ಲ ಮೂರರಲ್ಲೊಂದಕ್ಕೆ ಇಳಿಯಿತು. ಅವಳ ಥೀಸಿಸ್ ಮೇಲೆ ಹೊರಗಿನ ಪರೀಕ್ಷಕರು ವಿನ್ಯಾಸದ ಬಗ್ಗೆ ಒಂದು ಪ್ರಶ್ನೆಯನ್ನೂ ಎತ್ತಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಇದರ ನಡುವೆ ನರ್ಸರಿಯಲ್ಲೇ ಇನ್ನೊಂದು ಮಾಡಿ ನೋಡಿದೆ. ಒಂದು ಪಾತಿಯಿಂದ ಕಣ್ಣಂದಾಜಿನಲ್ಲಿ "ಯಾವುದಾದರೂ ಹತ್ತು" ಸಸಿ ಆರಿಸಿ ಎತ್ತರ ಅಳೆಯಲು ಹೇಳಿದೆ, ಆಮೇಲೆ ಸಂಖ್ಯೆ ಎತ್ತಿ ಹತ್ತು. ಕಣ್ಣಿನ ಹತ್ತು ಹೆಚ್ಚುಕಡಿಮೆ ಪ್ರತಿ ತಂಡದಲ್ಲೂ ಎತ್ತರ ಬಂತು, ನಾಲ್ಕೈದು ಸೆಂಟಿಮೀಟರ್ ಮಟ್ಟಿಗೆ. ಅಂದಿನಿಂದ ಯಾರೂ ನನ್ನ ಹತ್ತಿರ ರ್‍ಯಾಂಡಮ್ ಯಾಕೆ ಎಂದು ಕೇಳಿಲ್ಲ.

ಹಿಸಾರ್ ಕೃಷಿ ವಿಶ್ವವಿದ್ಯಾಲಯದ ಆನ್‌ಲೈನ್ ಲೆಕ್ಕದ ತಾಣ ಓಪಿಸ್ಟ್ಯಾಟ್ ಬೇಡವೇ ಎನ್ನುವವರಿಗೆ: ಸರಳ ಆರ್‌ಬಿಡಿಗೆ (ಬ್ಲಾಕ್‌ಗಳೊಳಗೆ ಚೀಟಿ ಎತ್ತಿ ಹಂಚುವ ವಿನ್ಯಾಸ) ಧಾರಾಳವಾಗಿ ಬಳಸಿ. ಆದರೆ 'ಆರ್'ನ ಸ್ಕ್ರಿಪ್ಟ್ ಉಳಿಯುತ್ತದೆ. ಕೊಯ್ಲಾದಾಗ ಊಹೆಯ ಅಂಕಿ ತೆಗೆದು ನಿಜವಾದದ್ದನ್ನು ಹಾಕಿದರೆ ಕೆಲಸ ಮುಗಿಯಿತು. ಊಹೆಯ ಕಡತಕ್ಕೆ ಮಾತ್ರ ಬೇರೆ ಹೆಸರು, ದಪ್ಪ ಅಕ್ಷರದಲ್ಲಿ, ಕಡ್ಡಾಯ. ಪ್ರಯೋಗದ ಯೋಜನೆಗೆ ಸಹಿ ಹಾಕುವ ಮುಂಚೆ ನಾನು ಕೇಳುವ ಕೊನೆಯ ಎರಡು ಪ್ರಶ್ನೆಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಬ್ಯಾಚ್ ಉತ್ತರ ಬಾಯಿಪಾಠ ಮಾಡಿ ಬರುತ್ತದೆ.

ಮೊದಲು ಹತ್ತು ಥೀಸಿಸ್‌ನಲ್ಲಿ ನಾಲ್ಕೈದು ಕೊನೆಯ ತಿಂಗಳು ಸಿಕ್ಕಿಹಾಕಿಕೊಳ್ಳುತ್ತಿದ್ದವು, ಈಗ ಒಂದು. ಉಳಿದಿರುವುದು ಪಿಎಚ್‌ಡಿಯವರ ನೆಡುತೋಪಿನ ದತ್ತಾಂಶ: ಅದೇ ಮರವನ್ನು ವರ್ಷವರ್ಷ ಅಳೆದದ್ದು, ನಡುವೆ ಸತ್ತ ಮರಗಳು. ಅದಕ್ಕೆ ಮಿಕ್ಸ್‌ಡ್ ಮಾಡೆಲ್ (ಒಂದೇ ಮರದ ಅಳತೆಗಳ ನಡುವಿನ ನಂಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನ) ಬೇಕು, ಒಂದು ಮಧ್ಯಾಹ್ನ ಸಾಲದು. ತಿಂಗಳಿಗೆ ಇಪ್ಪತ್ತೈದು ಸಾವಿರಕ್ಕೆ ಒಬ್ಬ ಸಹಾಯಕರನ್ನು ಕೊಡಿ ಎಂದು ಕಚೇರಿಗೆ ಬರೆದಿದ್ದೇನೆ. ಬಿಟ್ಟುಹೋದ ಸಾಫ್ಟ್‌ವೇರ್ ಪರವಾನಗಿಯ ಲೆಕ್ಕವನ್ನೂ ಜೊತೆಗಿಟ್ಟಿದ್ದೇನೆ.