ಕರೆಂಟ್ ಹೋದರೂ ಚೆಲ್ಲದ ರೆಫ್ಯೂಜಿಯಂ

ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಗೆ ನೈಟ್ರೇಟ್, ಫಾಸ್ಫೇಟ್ ಕಾಟ ಗೊತ್ತೇ ಇರುತ್ತದೆ. ಮೀನು ತಿಂದು ಬಿಟ್ಟದ್ದೆಲ್ಲ ಕೊನೆಗೆ ನೀರಲ್ಲೇ ಕರಗಿ, ಗಾಜಿನ ಮೇಲೆ ಬೇಡದ ಪಾಚಿಯಾಗಿ ಏಳುತ್ತದೆ. ಇದಕ್ಕೆ ಒಳ್ಳೆಯ ಉಪಾಯ ರೆಫ್ಯೂಜಿಯಂ. ಅದೇ ನೀರು ಹರಿದು ಹೋಗುವ ಇನ್ನೊಂದು ಸಣ್ಣ ತೊಟ್ಟಿ ಅಷ್ಟೇ. ಅದರಲ್ಲಿ ಕೀಟೊಮಾರ್ಫಾ ಎಂಬ ದಾರದಂಥ ಹಸಿರು ಕಡಲ ಪಾಚಿ ಬೆಳೆಸುತ್ತಾರೆ. ಪಾಚಿ ಬೆಳೆಯುತ್ತಾ ನೈಟ್ರೇಟ್, ಫಾಸ್ಫೇಟ್ ಹೀರಿಕೊಳ್ಳುತ್ತದೆ. ಬೆಳೆದದ್ದನ್ನು ಕಿತ್ತು ಹೊರಗೆ ಹಾಕಿದರೆ ಅವೂ ಅದರ ಜೊತೆ ಹೊರಗೆ. ಮೀನಿನ ಬಾಯಿಗೆ ಸಿಗದೆ ಕೋಪೆಪಾಡ್‌ನಂಥ ಸಣ್ಣ ಜೀವಿಗಳೂ ಅಲ್ಲಿ ಹೆಚ್ಚುತ್ತವೆ.

ಆದರೂ ಜನ ಹಿಂಜರಿಯುವುದು ಒಂದೇ ಕಾರಣಕ್ಕೆ: ನೆಲದ ತುಂಬ ಉಪ್ಪುನೀರು. ಹೆದರಿಕೆ ಸರಿಯಾದದ್ದೇ. ಆದರೆ ನೀರು ಚೆಲ್ಲುವುದು ಹೆಚ್ಚಾಗಿ ಪೈಪ್ ಸೋರಿ ಅಲ್ಲ, ಲೆಕ್ಕ ತಪ್ಪಿ. ಪಂಪ್ ನಿಂತಾಗ ಎಷ್ಟು ನೀರು ಕೆಳಗಿಳಿಯುತ್ತದೆ, ಪೈಪ್ ಕಟ್ಟಿಕೊಂಡಾಗ ಎಷ್ಟು ನೀರು ಮೇಲೇರುತ್ತದೆ ಎಂಬ ಎರಡು ಲೆಕ್ಕ ಮೊದಲೇ ಹಾಕಿಟ್ಟರೆ ಅರ್ಧ ಗೆದ್ದಂತೆ.

ಒಂದೇ ಪಂಪ್ ಸಾಕು

ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು ಅಂತ ಎರಡು ಪಂಪ್ ಯಾವತ್ತೂ ಇಡಬೇಡಿ. ಎರಡು ಪಂಪ್ ಒಂದೇ ಸಮನೆ ಓಡುವುದೇ ಇಲ್ಲ. ಗಂಟೆಗೆ 10 ಲೀಟರ್ ವ್ಯತ್ಯಾಸ ಬಂದರೂ ರಾತ್ರಿ ಮಲಗಿ ಏಳುವಷ್ಟರಲ್ಲಿ 80 ಲೀಟರ್ ಆಚೀಚೆ ಆಗಿರುತ್ತದೆ. ಒಂದು ಕಡೆ ಪಂಪ್ ಎತ್ತಲಿ, ಇನ್ನೊಂದು ಕಡೆ ನೀರು ತಾನಾಗಿಯೇ ಇಳಿಯಲಿ.

ಸಣ್ಣ ತೊಟ್ಟಿಯನ್ನು ದೊಡ್ಡದಕ್ಕಿಂತ ಎತ್ತರದಲ್ಲಿ ಇಡುವುದು ನನಗೆ ಹೆಚ್ಚು ಹಿಡಿಸಿದ ಕ್ರಮ. ಕೆಳಗಿಟ್ಟರೆ ದೊಡ್ಡ ತೊಟ್ಟಿಗೆ ತೂತು ಕೊರೆಯಬೇಕು, ಇಲ್ಲವೇ ಸೈಫನ್, ಅಂದರೆ ಅಂಚಿನ ಮೇಲಿಂದ ನೀರನ್ನು ತಾನಾಗಿ ಎಳೆದು ಇಳಿಸುವ ಬಾಗಿದ ಪೈಪ್, ನಂಬಬೇಕು. ಸೈಫನ್‌ನೊಳಗೆ ಗಾಳಿ ಸೇರಿ ಕಡಿದುಹೋದರೆ ಪಂಪ್ ಮಾತ್ರ ಎತ್ತುತ್ತಲೇ ಇರುತ್ತದೆ. ಮೇಲಿಟ್ಟರೆ ಆ ರಗಳೆ ಇಲ್ಲ. ಕೋಪೆಪಾಡ್‌ಗಳೂ ಪಂಪಿಗೆ ಸಿಕ್ಕದೆ ನೇರವಾಗಿ ಮೀನಿನ ಕಡೆ ಇಳಿಯುತ್ತವೆ.

ಅಳತೆ

ದೊಡ್ಡ ತೊಟ್ಟಿ 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ ಇದೆ ಅಂದುಕೊಳ್ಳಿ. ಅದರಲ್ಲಿ ನೀರು 1 ಸೆಂ.ಮೀ. ಏರಿದರೂ ಇಳಿದರೂ ಸುಮಾರು 4 ಲೀಟರ್. ರೆಫ್ಯೂಜಿಯಂ 45 ಉದ್ದ, 30 ಅಗಲ, 30 ಎತ್ತರ. ಅಲ್ಲಿ 1 ಸೆಂ.ಮೀ. ಅಂದರೆ 1.35 ಲೀಟರ್.

ಪಂಪ್ ನೀರು ಎಳೆಯುವ ಬಾಯಿಯನ್ನು ದೊಡ್ಡ ತೊಟ್ಟಿಯ ತಳದಲ್ಲಿ ಇಡಬೇಡಿ. ನೀರಿನ ಮಟ್ಟದಿಂದ 3 ಸೆಂ.ಮೀ. ಕೆಳಗೆ ಮಾತ್ರ ಇರಲಿ. ಇಳಿಯುವ ಪೈಪ್ ಪೂರ್ತಿ ಕಟ್ಟಿಕೊಂಡರೂ ಪಂಪ್ ಎತ್ತಬಹುದಾದದ್ದು ಬರೀ 12 ಲೀಟರ್. ಆಮೇಲೆ ಅದು ಗಾಳಿ ಎಳೆದು ಗೊರಗೊರ ಸದ್ದು ಮಾಡುತ್ತದೆ. ಆ 12 ಲೀಟರ್ ರೆಫ್ಯೂಜಿಯಂನಲ್ಲಿ 9 ಸೆಂ.ಮೀ. ಏರುತ್ತದೆ. ಹಾಗಾಗಿ ಅಲ್ಲಿ ನೀರಿನ ಮಟ್ಟದ ಮೇಲೆ 10 ಸೆಂ.ಮೀ. ಖಾಲಿ ಬಿಡಿ. ಒಂದು ಹನಿಯೂ ಹೊರಗೆ ಬೀಳುವುದಿಲ್ಲ.

ಇನ್ನೊಂದು ಲೆಕ್ಕ ಕರೆಂಟ್ ಹೋದಾಗಿನದು. ನೀರು ತರುವ ಪೈಪಿನ ತುದಿ ರೆಫ್ಯೂಜಿಯಂನಲ್ಲಿ 10 ಸೆಂ.ಮೀ. ಮುಳುಗಿದ್ದರೆ, ಪಂಪ್ ನಿಂತ ಕೂಡಲೇ ಅದೇ ಪೈಪಿನಲ್ಲಿ ನೀರು ಹಿಂದಕ್ಕೆ ಇಳಿಯುತ್ತದೆ. ಹದಿಮೂರೂವರೆ ಲೀಟರ್! ಕೆಳಗಿನ ತೊಟ್ಟಿ ಮೂರು ಸೆಂ.ಮೀ.ಗಿಂತ ಜಾಸ್ತಿ ಏರುತ್ತದೆ. ಆದ್ದರಿಂದ ತುದಿ ನೀರಿನ ಮಟ್ಟದ ಮೇಲೇ ಇರಲಿ. ಸದ್ದಾಗದಂತೆ ಗಾಜಿಗೆ ಒರಗಿಸಿ ಇಳಿಯಲು ಬಿಡಿ. ಒಂದೇ ಕಡೆ ನೀರು ಬಿಡುವ ವಾಲ್ವ್ ಹಾಕಿದರೆ ಆಯ್ತಲ್ಲ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಉಪ್ಪುನೀರಿನಲ್ಲಿ ಅದರ ಮೇಲೆ ಸುಣ್ಣದ ಪದರ ಕೂತು, ಮುಚ್ಚಬೇಕಾದ ಹೊತ್ತಿಗೆ ಮುಚ್ಚುವುದಿಲ್ಲ. ನಂಬಬೇಡಿ.

ತೂತು ಮತ್ತು ಪೈಪ್

ತುಂಬಿದ ರೆಫ್ಯೂಜಿಯಂ ಮರಳು, ಗಾಜು ಸೇರಿ 50 ಕೆ.ಜಿ. ತೂಗಬಹುದು. ಗಟ್ಟಿ ಕಬ್ಬಿಣದ ಸ್ಟ್ಯಾಂಡ್ ಬೇಕು. ರಸಮಟ್ಟ ಇಟ್ಟು ಸಮ ಮಾಡಿ.

ರೆಫ್ಯೂಜಿಯಂನಿಂದ ನೀರು ಇಳಿಯುವ ತೂತುಗಳನ್ನು ಗಾಜಿನ ಅಂಗಡಿಯಲ್ಲೇ, ತೊಟ್ಟಿ ಅಂಟಿಸುವ ಮೊದಲೇ ಹಾಕಿಸಿ. ಟಫನ್ಡ್ (ಕಾಸಿ ಗಟ್ಟಿ ಮಾಡಿದ) ಗಾಜಿಗೆ ಡ್ರಿಲ್ ತಾಗಿಸಿದರೆ ಪುಡಿಪುಡಿ. ಒಂದಿಂಚಿನ ಪೈಪಿಗೆ ಎರಡು ತೂತು: ಒಂದು ನೀರಿನ ಮಟ್ಟದಲ್ಲಿ, ಇನ್ನೊಂದು ಪಕ್ಕಕ್ಕೆ ಸರಿದು, ಅದಕ್ಕಿಂತ ನಾಲ್ಕು ಸೆಂ.ಮೀ. ಮೇಲೆ. ಮೇಲಿನದು ಯಾವಾಗಲೂ ಒಣಗಿರಬೇಕು. ಕೆಳಗಿನದು ಕಟ್ಟಿಕೊಂಡ ದಿನ ಅದೇ ಕಾಪಾಡುವುದು. ಎರಡಕ್ಕೂ ಬೇರೆ ಬೇರೆ ಪೈಪ್ ಎಳೆಯಿರಿ.

ಟ್ಯಾಂಕ್ ಕನೆಕ್ಟರ್ (ಗಾಜಿನ ತೂತಿಗೆ ಪೈಪ್ ಜೋಡಿಸುವ ಬಿಡಿಭಾಗ) ಕೂರಿಸುವಾಗ ರಬ್ಬರ್ ವಾಷರ್ ನೀರಿರುವ ಒಳಬದಿಗೆ, ನಟ್ ಹೊರಬದಿಗೆ. ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಕಾಲು ಸುತ್ತು ಸಾಕು. ಜಾಸ್ತಿ ತಿರುಗಿಸಿದರೆ ಗಾಜು ಬಿರಿಯುತ್ತದೆ. ಇಳಿಯುವ ಪೈಪಿನಲ್ಲಿ ವಾಲ್ವ್ ಬೇಡ, ಎಲ್ಬೋ ಆದಷ್ಟು ಕಡಿಮೆ ಇರಲಿ. ನೀರು ಕಡಿಮೆ ಮಾಡಬೇಕಾದರೆ ಪಂಪಿನ ಕಡೆ ವಾಲ್ವ್ ಹಾಕಿ. ಹಿತ್ತಾಳೆ, ತಾಮ್ರ ಎಲ್ಲೂ ತಾಗದಿರಲಿ. ಸಿಗಡಿ, ಬಸವನಹುಳುಗಳಿಗೆ ತಾಮ್ರ ವಿಷ.

ಕೀಟೊಮಾರ್ಫಾದ ಎಳೆ ತುಂಡಾಗಿ ತೇಲಿ ಬಂದು ಪೈಪಿನ ಬಾಯಿಗೇ ಸುತ್ತಿಕೊಳ್ಳುತ್ತದೆ. ಬಾಯಿಗೆ ಪ್ಲಾಸ್ಟಿಕ್ ಜಾಲರಿ ಹಾಕಿ, ಕಣ್ಣು 3ರಿಂದ 5 ಮಿ.ಮೀ. ಇರಲಿ. ಅದಕ್ಕಿಂತ ಸಣ್ಣದಾದರೆ ಜಾಲರಿಯೇ ಬೇಗ ಕಟ್ಟಿಕೊಳ್ಳುತ್ತದೆ.

ಪಂಪ್ ದೊಡ್ಡದು ಬೇಡ. ಡಬ್ಬಿಯ ಮೇಲೆ ಗಂಟೆಗೆ ಇಷ್ಟು ಲೀಟರ್ ಅಂತ ಇರುವ ಅಂಕಿ, ನೀರನ್ನು ಎತ್ತರಕ್ಕೆ ಏರಿಸದಿದ್ದಾಗಿನದು. ನೀವೇ ಅಳೆಯಿರಿ: ಲೀಟರ್ ಬಾಟಲಿ 10 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 360 ಲೀಟರ್. ಇಷ್ಟು ಧಾರಾಳ ಸಾಕು.

ನಲ್ಲಿ ನೀರಲ್ಲಿ ಪರೀಕ್ಷೆ

ಮೀನು ಬಿಡುವ ಮಾತು ಆಮೇಲೆ. ಪೈಪ್ ಅಂಟಿಸಿದ ಸಾಲ್ವೆಂಟ್ ಒಂದು ದಿನ ಒಣಗಲಿ. ಬರೀ ನಲ್ಲಿ ನೀರು ತುಂಬಿ ಪಂಪ್ ಓಡಿಸಿ. ಮಟ್ಟ ನಿಂತ ಮೇಲೆ ದೊಡ್ಡ ತೊಟ್ಟಿಯ ಗಾಜಿನ ಮೇಲೆ ಗೆರೆ ಎಳೆಯಿರಿ.

ಈಗ ಸ್ವಿಚ್ ಆಫ್ ಮಾಡಿ. ನೀರು ಎಲ್ಲಿಗೆ ಏರಿ ನಿಲ್ಲುತ್ತದೆ ನೋಡಿ ಇನ್ನೊಂದು ಗೆರೆ ಎಳೆಯಿರಿ. ಮತ್ತೆ ಆನ್ ಮಾಡಿದಾಗ ಯಾರೂ ಮುಟ್ಟದೆ ಎಲ್ಲ ಮೊದಲಿನಂತೆ ಆಗಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವ ಆಟ ಗೊತ್ತಲ್ವಾ? ಅದಕ್ಕೇ ಹತ್ತಾರು ಸಲ ಮಾಡಿ ನೋಡಿ. ಆಮೇಲೆ ಕೆಳಗಿನ ತೂತಿಗೆ ಬಟ್ಟೆ ತುರುಕಿ. ಮೇಲಿನ ತೂತೊಂದೇ ಪೂರ್ತಿ ನೀರನ್ನು ಇಳಿಸಬೇಕು. ಕೊನೆಗೆ ಎರಡನ್ನೂ ಮುಚ್ಚಿ. ಪಂಪ್ ಗಾಳಿ ಎಳೆಯುವವರೆಗೂ ರೆಫ್ಯೂಜಿಯಂನ ಅಂಚು ದಾಟಬಾರದು. ದಾಟಿದರೆ ಪಂಪನ್ನು ಇನ್ನಷ್ಟು ಮೇಲಕ್ಕೆ ಕಟ್ಟಿ. ಸದ್ದು ಕೇಳಿದ ತಕ್ಷಣ ಪಂಪ್ ನಿಲ್ಲಿಸಿ, ಒಣಗಿ ಓಡಿದರೆ ಸುಟ್ಟುಹೋಗುತ್ತದೆ.

ಒಂದು ದಿನ ಓಡಲು ಬಿಟ್ಟು, ಪ್ರತಿ ಜೋಡಣೆಯ ಕೆಳಗೆ ಪೇಪರ್ ಹಾಸಿ. ಒದ್ದೆಯಾದ ಚುಕ್ಕೆ ಸುಲಭವಾಗಿ ಕಾಣುತ್ತದೆ. ಪಂಪಿನ ವೈರ್ ಪ್ಲಗ್‌ಗಿಂತ ಕೆಳಗೆ ಜೋತು ಬಿದ್ದು ಮೇಲೇರಲಿ. ವೈರ್ ಗುಂಟ ಬಂದ ಹನಿ ಕೆಳಗೇ ಬೀಳುತ್ತದೆ, ಪ್ಲಗ್‌ಗೆ ಹೋಗುವುದಿಲ್ಲ. ಆ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರಲೇಬೇಕು.

ಉಪ್ಪುನೀರು ಬಿಟ್ಟ ಮೇಲೆ ಆವಿಯಾಗುವ ನೀರೆಲ್ಲ ದೊಡ್ಡ ತೊಟ್ಟಿಯಲ್ಲೇ ಕಡಿಮೆಯಾಗಿ ಕಾಣುತ್ತದೆ. ದಿನಾ ಬೆಳಿಗ್ಗೆ ಪಂಪ್ ಓಡುತ್ತಿರುವಾಗಲೇ ಮೊದಲ ಗೆರೆಯವರೆಗೆ ಸಿಹಿನೀರು, ಆರ್‌ಒ ನೀರಾದರೆ ಒಳ್ಳೆಯದು, ಸೇರಿಸಿ. ಉಪ್ಪು ಆವಿಯಾಗುವುದಿಲ್ಲ, ಹಾಗಾಗಿ ಮತ್ತೆ ಉಪ್ಪುನೀರು ಹಾಕಬಾರದು. ಗೆರೆ ದಾಟಿ ತುಂಬಿದರೆ ಹಾಕಿದ ಲೆಕ್ಕವೆಲ್ಲ ಕೆಟ್ಟಂತೆ. ರೆಫ್ಯೂಜಿಯಂನ ದೀಪ ರಾತ್ರಿ ಉರಿಯಲಿ, ದೊಡ್ಡ ತೊಟ್ಟಿಯ ದೀಪ ಆರಿದಾಗ ನೀರಿನ ಪಿಎಚ್ ಜಾಸ್ತಿ ಇಳಿಯುವುದಿಲ್ಲ. ವಾರಕ್ಕೊಮ್ಮೆ ಜಾಲರಿ ತೊಳೆಯಿರಿ. ಪೈಪಿನ ಜೋಡಣೆಗಳ ಮೇಲೆ ಬಿಳಿ ಉಪ್ಪಿನ ಹಕ್ಕಳೆ ಕಟ್ಟಿದೆಯಾ ನೋಡಿ, ಕಟ್ಟಿದ್ದರೆ ಅಲ್ಲಿ ಸಣ್ಣದಾಗಿ ಜಿನುಗುತ್ತಿದೆ ಅಂತಲೇ ಅರ್ಥ. ಪಂಪ್ ಬದಲಿಸಿದಾಗ, ಪೈಪ್ ಕಳಚಿ ಹಾಕಿದಾಗ ಸ್ವಿಚ್ ಆಫ್ ಮಾಡುವ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.