ಎಂಟು ಪುಟಗಳಲ್ಲಿ ನಮ್ಮ ಎಂಟನೇ ತರಗತಿ

ಸರ್ಕಾರಿ ಶಾಲೆಯ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತು. ಎರಡು ವರ್ಷಗಳ ನಂತರ ನಮ್ಮ ಸರದಿ ಬಂತು. ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರೆ ಯಾವುದು ಯಾರದೆಂದು ತಿಳಿಯುತ್ತಿರಲಿಲ್ಲ. ಒಬ್ಬ ಹ್ಯಾಂಡಲ್‌ಗೆ ಅಕ್ಕನ ಹಳೆಯ ರಿಬ್ಬನ್ ಕಟ್ಟಿದ. ಇನ್ನೊಬ್ಬಳು ಮಡ್‌ಗಾರ್ಡ್ ಮೇಲೆ ಬಿಂದಿ ಅಂಟಿಸಿದಳು. ಮೂರನೆಯವನು ಏನೂ ಮಾಡಲಿಲ್ಲ, ಆದರೆ ಅವನ ಬೆಲ್ಲಿನ ಮುಚ್ಚಳ ಸಡಿಲವಾಗಿತ್ತು. ಉಳಿದವರದು ಟ್ರಿಣ್ ಎಂದರೆ ಅವನದು ಟೊಕ್ ಎನ್ನುತ್ತಿತ್ತು.

ಹದಿನೈದು ವರ್ಷಗಳ ಮೇಲೆ ಈ ಮೂವರನ್ನೂ ನಮ್ಮ ಮನೆಯ ನಾಯಿ ಕರಿಯನನ್ನೂ ಇಟ್ಟುಕೊಂಡು ಕಾಮಿಕ್ಸ್ ಮಾಡಲು ಕುಳಿತಾಗ ನನ್ನ ಕೈಹಿಡಿದದ್ದು ಈ ಗುರುತುಗಳೇ. ಮೊದಲು ಗ್ರೂಪ್ ಫೋಟೊ ಎದುರಿಗಿಟ್ಟು ಮುಖ ಬಿಡಿಸುತ್ತಿದ್ದೆ. ಒಂದು ಚೌಕದಲ್ಲಿ ಹೋಲಿಕೆ ಬಂದರೆ ಮುಂದಿನದರಲ್ಲಿ ತಪ್ಪುತ್ತಿತ್ತು. ಫೋಟೊ ಎತ್ತಿಟ್ಟು, ನೆನಪಿನಲ್ಲಿ ನಿಂತಿದ್ದ ಭಂಗಿಯನ್ನು ಹಿಡಿದೆ: ಬಿಂದಿಯವಳು ಚೀಲದ ಎರಡೂ ಪಟ್ಟಿ ಹಿಡಿದು ಮುಂದಕ್ಕೆ ಬಾಗಿ ನಡೆಯುತ್ತಿದ್ದಳು, ಟೊಕ್‌ನವನು ಸದಾ ಗೋಡೆಗೆ ಒಂದು ಕಾಲು ಊರಿ ನಿಲ್ಲುತ್ತಿದ್ದ. ಆಕೃತಿಯನ್ನು ಪೂರ್ತಿ ಕಪ್ಪಾಗಿ ತುಂಬಿದರೂ ಯಾರೆಂದು ತಿಳಿಯಬೇಕು. ಇಂದಿಗೂ ನನ್ನ ಪರೀಕ್ಷೆ ಇದೇ.

ಕರಿಯನದು ಬೇರೆ ಕಷ್ಟ. ಮಸಿ ತುಂಬಿದರೆ ಕಣ್ಣು, ಬಾಯಿ ಕಾಣುತ್ತಿರಲಿಲ್ಲ. ಜೆರಾಕ್ಸ್‌ನಲ್ಲಿ ಆ ಕಪ್ಪು ತೇಪೆ ತೇಪೆಯಾಗಿ ಬರುತ್ತಿತ್ತು. ಕೊನೆಗೆ ಕೂದಲು ಬೆಳೆದ ದಿಕ್ಕಿಗೇ ಒತ್ತೊತ್ತಾಗಿ ಗೆರೆ ಎಳೆದು, ಕಿವಿಯ ಅಂಚಿಗೂ ಮೂತಿಯ ಸುತ್ತಲೂ ಎಳೆಯಷ್ಟು ಬಿಳಿ ಬಿಟ್ಟೆ. ಅವನಿಗೆ ಮಾತು ಕೊಡಲಿಲ್ಲ. ಹೇಳಬೇಕಾದದ್ದನ್ನೆಲ್ಲ ಬಾಲ, ಕಿವಿಗಳಲ್ಲೇ ಹೇಳುತ್ತಿದ್ದ ಪ್ರಾಣಿಯ ಬಾಯಿಗೆ ನಮ್ಮ ಮಾತು ತುರುಕಲು ನನಗೆ ಮನಸ್ಸಾಗಲಿಲ್ಲ.

ಪುಸ್ತಕ ಮಾಡಿದ್ದು ಒಂದೇ ಎ4 ಹಾಳೆಯಲ್ಲಿ. ಎಂಟು ಭಾಗವಾಗಿ ಮಡಿಸಿ, ನಡುವೆ ಒಂದು ಸೀಳು ಕೊಟ್ಟರೆ ಪಿನ್ ಇಲ್ಲದೆ ಎಂಟು ಪುಟ ನಿಲ್ಲುತ್ತದೆ. ಒಂದು ಸಾಲಿನ ನಾಲ್ಕು ಪುಟಗಳು ತಲೆಕೆಳಗಾಗಿರಬೇಕು, ಅಷ್ಟೇ. ಪ್ರತಿ ಪುಟವನ್ನೂ ಎ5 ಹಾಳೆಯಲ್ಲಿ ಬಿಡಿಸಿ ಅರ್ಧಕ್ಕೆ ಕುಗ್ಗಿಸಿ ಅಂಟಿಸುತ್ತೇನೆ.

ಹೆಚ್ಚು ಹಾಳೆ ಹಾಳಾದದ್ದು ಮಾತಿನ ಗುಳ್ಳೆಗಳಿಂದ. ಚಿತ್ರ ಮುಗಿಸಿ, ಉಳಿದ ಜಾಗದಲ್ಲಿ ಮಾತು ತುಂಬಿಸಲು ಹೋಗುತ್ತಿದ್ದೆ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ಸಾಲುಗಳು ಹತ್ತಿರವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ. ‘ಬಿಟ್ಟುಬಿಡುತ್ತೇನೆಂದುಕೊಂಡಿದ್ದೆಯಾ’ ಎಂಬ ಒಂದು ಪದವೇ ಇಡೀ ಚೌಕವನ್ನು ನುಂಗಿತು. ಈಗ ಪೆನ್ಸಿಲ್ಲಿನಲ್ಲಿ ಮೊದಲು ಮಾತು ಬರೆಯುತ್ತೇನೆ. ಕುಗ್ಗಿಸಿದ ಮೇಲೂ ಓದಲು ಬರಲೆಂದು ಅಕ್ಷರ 6 ಮಿಲಿಮೀಟರ್ ಎತ್ತರ, ಸಾಲುಗಳ ನಡುವೆಯೂ ಅಷ್ಟೇ ಜಾಗ. ಸುತ್ತ ಗುಳ್ಳೆ ಎಳೆದ ಮೇಲೆಯೇ ಜನರನ್ನು ನಿಲ್ಲಿಸುವುದು. ಸದ್ದುಗಳಿಗೆ ಮಾತ್ರ ಧಾರಾಳವಾಗಿ ಜಾಗ ಕೊಡುತ್ತೇನೆ. ಸೈಕಲ್ ಬಿದ್ದರೆ ದಢಾರ್, ಬಾವಿಗೆ ಕಲ್ಲು ಗುಳುಂ, ಹೆಂಚಿನ ಮೇಲೆ ಮಳೆ ಪಟಪಟ. ಇಷ್ಟು ಸಿರಿ ಇರುವಾಗ ಸದ್ದನ್ನು ಎರವಲು ತರುವುದು ನನಗೆ ಸರಿಕಾಣದು.

ಆರನೇ ಪುಟವನ್ನು ಎರಡು ಸಲ ಬಿಡಿಸಬೇಕಾಯಿತು. ಟೊಕ್‌ನವನು ನೋಟ್‌ಬುಕ್ ಮರೆತು ಬಂದು ತರಗತಿಯ ಹೊರಗೆ ನಿಂತ ದಿನವನ್ನು ತಮಾಷೆಯಾಗಿ ಬಿಡಿಸಿದ್ದೆ. ಮೊಬೈಲಿನಲ್ಲಿ ಕಳುಹಿಸಿದರೆ ಎರಡು ದಿನ ಉತ್ತರವಿಲ್ಲ. ಆಮೇಲೆ ಅವನೇ ಫೋನ್ ಮಾಡಿ, ‘ನಾನು ಮರೆತಿರಲಿಲ್ಲ ಕಣೋ, ಕೊಳ್ಳಲು ಮನೆಯಲ್ಲಿ ದುಡ್ಡಿರಲಿಲ್ಲ’ ಎಂದ. ಒಂದೇ ಬೆಂಚಿನಲ್ಲಿ ಮೂರು ವರ್ಷ ಕುಳಿತಿದ್ದರೂ ನನಗೆ ಅದು ತಿಳಿದಿರಲಿಲ್ಲ. ಪುಟ ತೆಗೆದುಬಿಡುತ್ತೇನೆ ಎಂದೆ. ‘ತೆಗೆಯಬೇಡ, ಸರಿಯಾಗಿ ಬಿಡಿಸು. ಅವತ್ತು ನಿನ್ನ ಹಿಂದೆ ಶಾಲೆಯವರೆಗೂ ಬಂದಿದ್ದ ಕರಿಯ ಬೆಲ್ ಹೊಡೆಯುವವರೆಗೂ ನನ್ನ ಜೊತೆಗಿದ್ದ. ನೀನು ಒಳಗಿದ್ದೆ, ನೋಡಿಲ್ಲ’ ಎಂದ.

ಈಗ ಪೆನ್ಸಿಲ್ ಹಂತದಲ್ಲೇ ಪುಟಗಳನ್ನು ಮೂವರಿಗೂ ತೋರಿಸುತ್ತೇನೆ. ಅವರು ಬೇಡವೆಂದದ್ದಕ್ಕೆ ಮಸಿ ಹಾಕುವುದಿಲ್ಲ. ಹೊಸ ಆರನೇ ಪುಟದಲ್ಲಿ ಒಂದೂ ಗುಳ್ಳೆ ಇಲ್ಲ: ಗೋಡೆಗೆ ಒಂದು ಕಾಲು ಊರಿ ನಿಂತ ಹುಡುಗ, ಅವನ ಇನ್ನೊಂದು ಪಾದದ ಮೇಲೆ ಮೂತಿ ಇಟ್ಟು ಮಲಗಿದ ಕರಿಯ.