ಸಾಕೆಟ್ ಹೊಂದಿದರೆ ಸಾಲದು, ಬಯೋಸ್ ಆವೃತ್ತಿಯನ್ನೂ ನೋಡಿ

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸಿದವರು, ಫ್ಯಾನ್ ತಿರುಗುತ್ತಿದ್ದರೂ ಪರದೆ ಕಪ್ಪಾಗಿಯೇ ಉಳಿದದ್ದನ್ನು ಕಂಡು, ಪ್ರೊಸೆಸರ್ ಸುಟ್ಟಿದೆಯೆಂದು ಅಂಗಡಿಗೆ ಓಡುವುದನ್ನು ಹಲವು ಸಲ ನೋಡಿದ್ದೇನೆ. ಎಷ್ಟೋ ಸಲ ಯಾವುದೂ ಸುಟ್ಟಿರುವುದಿಲ್ಲ. ಮದರ್‌ಬೋರ್ಡ್‌ನ ಹಳೆಯ ಬಯೋಸ್‌ಗೆ, ಅಂದರೆ ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ತಂತ್ರಾಂಶಕ್ಕೆ, ಹೊಸ ಪ್ರೊಸೆಸರ್‌ನ ಗುರುತು ಸಿಕ್ಕಿರುವುದಿಲ್ಲ, ಅಷ್ಟೆ.

ಎಎಂಡಿಯ ರೈಜನ್ 5 9600ಎಕ್ಸ್ ಮತ್ತು ಬಿ650 ಬೋರ್ಡ್‌ನ ಜೋಡಿಯನ್ನೇ ತೆಗೆದುಕೊಳ್ಳಿ. ಪ್ರೊಸೆಸರ್ ಕೂರುವ ಸಾಕೆಟ್ ಎರಡಕ್ಕೂ ಒಂದೇ, ಎಎಂ5. ಆದರೆ ಬಿ650 ಬೋರ್ಡ್‌ಗಳು ಬಂದದ್ದು 2022ರಲ್ಲಿ, ಈ ಪ್ರೊಸೆಸರ್ ಬಂದದ್ದು 2024ರ ಆಗಸ್ಟ್‌ನಲ್ಲಿ. ಹಳೆಯ ದಾಸ್ತಾನಿನ ಬೋರ್ಡ್ ಸಿಕ್ಕರೆ ತೊಂದರೆ ತಪ್ಪಿದ್ದಲ್ಲ. ಆದ್ದರಿಂದ ಹಣ ಕೊಡುವ ಮೊದಲೇ ತಯಾರಕರ ಜಾಲತಾಣದಲ್ಲಿ ಬೋರ್ಡ್‌ನ ಪುಟ ತೆರೆದು, ಸಿಪಿಯು ಸಪೋರ್ಟ್ ಪಟ್ಟಿಯಲ್ಲಿ ನಿಮ್ಮ ಪ್ರೊಸೆಸರ್‌ನ ಎದುರಿಗಿರುವ ಕನಿಷ್ಠ ಬಯೋಸ್ ಆವೃತ್ತಿಯನ್ನು ಬರೆದಿಟ್ಟುಕೊಳ್ಳಿ. ಒಂದೇ ಹೆಸರಿನ ಬೋರ್ಡ್‌ಗೆ ಬೇರೆ ಬೇರೆ ರಿವಿಷನ್‌ಗಳಿದ್ದು (ತಯಾರಕರು ಆಮೇಲೆ ಬದಲಿಸಿ ತಂದ ರೂಪಗಳು), ಅವುಗಳ ಬಯೋಸ್ ಕಡತಗಳೂ ಬೇರೆಯಾಗಿರಬಹುದು. ರಿವಿಷನ್ ಸಂಖ್ಯೆಯನ್ನು ಬೋರ್ಡ್‌ನ ಮೇಲೆಯೇ ಓದಿ ಖಚಿತಪಡಿಸಿಕೊಳ್ಳಿ.

ರ‍್ಯಾಮ್ ಡಿಡಿಆರ್5 ಆಗಿರಬೇಕು, ಎರಡೇ ಕಡ್ಡಿ ಸಾಕು. ಕೂಲರ್‌ನ ಎತ್ತರ, ಗ್ರಾಫಿಕ್ಸ್ ಕಾರ್ಡ್‌ನ ಉದ್ದ ಕ್ಯಾಬಿನೆಟ್‌ಗೆ ಹಿಡಿಯುತ್ತವೆಯೇ ಎಂದು ಮಿಲಿಮೀಟರ್ ಲೆಕ್ಕದಲ್ಲಿ ನೋಡಿ.

ಇನ್ನು ಎಡವುವ ಜಾಗ: ಬಯೋಸ್ ಹೊಸದು ಮಾಡುವುದು. ಪ್ರೊಸೆಸರ್ ಇಲ್ಲದೆಯೂ ಈ ಕೆಲಸ ಮಾಡುವ ಫ್ಲ್ಯಾಶ್‌ಬ್ಯಾಕ್ ಗುಂಡಿಯಿಲ್ಲದ ಬೋರ್ಡನ್ನು ನಾನಂತೂ ಕೊಳ್ಳುವುದಿಲ್ಲ, ನೀವೂ ಕೊಳ್ಳಬೇಡಿ. ಕಡತವನ್ನು ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ, ಇನ್ನೂ ಪರೀಕ್ಷೆಯಲ್ಲಿರುವ ಬೀಟಾ ಆವೃತ್ತಿ ಬೇಡ. ಜಿಪ್ ಕಡತವನ್ನು ಹಾಗೆಯೇ ಪೆನ್‌ಡ್ರೈವ್‌ಗೆ ಹಾಕಿ ಏನೂ ಆಗಲಿಲ್ಲವೆಂದು ಕಾಯುತ್ತ ಕೂರುವವರೇ ಹೆಚ್ಚು. ಅದನ್ನು ಬಿಡಿಸಿ, ಒಳಗಿನ ಬಯೋಸ್ ಕಡತವನ್ನು ಮಾತ್ರ ಫ್ಯಾಟ್32 (FAT32) ಮಾದರಿಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಹಾಕಿ, ಕೈಪಿಡಿ ಹೇಳಿದ ಹೆಸರನ್ನೇ ಇಡಬೇಕು: ಎಂಎಸ್‌ಐ ಕಂಪನಿಯ ಬೋರ್ಡ್ ಒಂದು ಹೆಸರು ಕೇಳಿದರೆ ಗಿಗಾಬೈಟ್ ಕಂಪನಿಯದು ಇನ್ನೊಂದನ್ನು ಕೇಳುತ್ತದೆ. ವಿಂಡೋಸ್‌ನಲ್ಲಿ ಕಡತದ ಬಾಲ (ಹೆಸರಿನ ಕೊನೆಯ ಚುಕ್ಕೆಯ ನಂತರದ ಎಕ್ಸ್‌ಟೆನ್ಷನ್) ಮರೆಯಾಗಿದ್ದರೆ, ನೀವು ಕೊಟ್ಟ ಹೆಸರಿನ ಕೊನೆಗೆ ಎರಡು ಬಾಲಗಳು ಸೇರಿ ಬೋರ್ಡ್‌ಗೆ ಅದು ಕಾಣದೇ ಹೋಗುತ್ತದೆ. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಪೆನ್‌ಡ್ರೈವ್ ಈ ಕೆಲಸಕ್ಕೆ ಬೇಡವೇ ಬೇಡ.

ಕಂಪ್ಯೂಟರ್‌ಗೆ ವಿದ್ಯುತ್ ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನ 24 ಪಿನ್ ಹಾಗೂ ಸಿಪಿಯು ಪವರ್ ತಂತಿಗಳನ್ನು ಸಿಕ್ಕಿಸಿ, ಗುರುತು ಮಾಡಿದ ಯುಎಸ್‌ಬಿ ಕಿಂಡಿಗೇ ಪೆನ್‌ಡ್ರೈವ್ ಹಾಕಿ ಗುಂಡಿ ಒತ್ತಿ. ದೀಪ ಮಿಣುಕುತ್ತಿರುವಾಗ ಕರೆಂಟ್ ಹೋದರೆ ಬೋರ್ಡ್ ಹಾಳಾಗಬಹುದು, ಹಾಗಾಗಿ ಯುಪಿಎಸ್ ಇದ್ದಲ್ಲಿ ಮಾಡಿ. ಐದು ನಿಮಿಷವಾಯಿತೆಂದು ಪ್ಲಗ್ ಕೀಳಬೇಡಿ. ದೀಪ ತಾನಾಗಿ ಆರಲಿ.

ಜೋಡಿಸಿದ ಮೇಲೆ ಮೊದಲ ಸಲ ರ‍್ಯಾಮ್ ಹೊಂದಿಸಿಕೊಳ್ಳಲು ಬೋರ್ಡ್ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಇರುತ್ತದೆ, ಅದು ಕೆಟ್ಟಿಲ್ಲ. ಪರದೆ ಬಂದಾಗ ಡಿಲೀಟ್ ಕೀ ಒತ್ತಿ ಬಯೋಸ್ ಒಳಹೊಕ್ಕು, ನೀವು ಬರೆದಿಟ್ಟ ಆವೃತ್ತಿಯೇ ಅಥವಾ ಅದಕ್ಕಿಂತ ಹೊಸದು ಇದೆಯೇ ನೋಡಿ, ರ‍್ಯಾಮನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಎಕ್ಸ್‌ಪೋ (EXPO) ಆಯ್ಕೆಯನ್ನು ಆನ್ ಮಾಡಿ. ಮುಂದೆ ಬಯೋಸ್ ಬದಲಿಸಿದಾಗ ಅದು ಸಾಮಾನ್ಯವಾಗಿ ಆಫ್ ಆಗಿರುತ್ತದೆ, ಮತ್ತೆ ಆನ್ ಮಾಡಬೇಕು.